ಹಗ್ಗ ಬಿಡುವ ಹೊತ್ತು

ಕುದುರೆ ಪಳಗಿಸುವ ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ತಲೆಯೆಲ್ಲ ಸಾಮಾನುಗಳ ಮೇಲೇ ಇತ್ತು. ಯಾವ ಹಾಲ್ಟರ್ (ಹಗ್ಗ ಕಟ್ಟಲು ಕುದುರೆಯ ತಲೆಗೆ ತೊಡಿಸುವ ಪಟ್ಟಿ), ಎಷ್ಟುದ್ದದ ಹಗ್ಗ, ಎಂಥ ಕೋಲು, ಬರೀ ಇದೇ ಯೋಚನೆ. ಆಗ ನನ್ನ ಕೈಗೆ ಬಂದ ಒಂದು ಹೆಣ್ಣು ಕುದುರೆ ಹಿಂದಕ್ಕೆ ಹೆಜ್ಜೆ ಇಡುವುದಕ್ಕೇ ಒಪ್ಪುತ್ತಿರಲಿಲ್ಲ. ನಾನು ಹಗ್ಗ ಜಗ್ಗುತ್ತಿದ್ದೆ, ಅದು ತಲೆ ಮೇಲಕ್ಕೆತ್ತುತ್ತಿತ್ತು. ಎಲ್ಲಿ ಮುಂಗಾಲು ಎತ್ತಿ ನಿಲ್ಲುತ್ತದೋ ಅಂತ ಹೆದರಿ ನಾನು ಹಗ್ಗ ಸಡಿಲ ಬಿಡುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ನನ್ನ ಕೈ ಹಗ್ಗದ ಹತ್ತಿರ ಹೋದರೆ ಸಾಕು, ಅದರ ಮೂತಿ ಆಕಾಶ ನೋಡುತ್ತಿತ್ತು. ಮೊಂಡು ಕುದುರೆ ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ನಮ್ಮ ಹಿರಿಯ ತರಬೇತುದಾರರು ಒಂದು ಬೆಳಿಗ್ಗೆ ಸುಮ್ನೆ ನಿಂತು ನೋಡಿದರು. "ಮೊಂಡಲ್ಲ ಕಣಯ್ಯ. ನೀನು ಕಲಿಸಿದ್ದನ್ನೇ ಚೆನ್ನಾಗಿ ಕಲಿತಿದೆ" ಅಂದರು.

ನಿಜ. ಎಳೆತ ಯಾವ ಗಳಿಗೆಯಲ್ಲಿ ನಿಲ್ಲುತ್ತದೋ, ಆಗ ತಾನು ಮಾಡುತ್ತಿದ್ದುದೇ ಸರಿ ಅಂತ ಕುದುರೆ ತಿಳಿಯುತ್ತದೆ. ನಾನು ತಲೆ ಎತ್ತಿದ್ದಕ್ಕೇ ದಿನಾ ಶಭಾಷ್ ಹೇಳುತ್ತಿದ್ದೆ, ಅಲ್ವಾ? ಒಂದೆರಡು ಸೆಕೆಂಡ್ ತಡವಾದರೂ ಆ ಶಭಾಷ್ ಬೇರೆ ಯಾವುದಕ್ಕೋ ಸೇರಿಬಿಡುತ್ತದೆ.

ಮರುದಿನದಿಂದ ಹಗ್ಗ ಜಗ್ಗಲಿಲ್ಲ, ಎರಡು ಬೆರಳಿನಲ್ಲಿ ಹಿಡಿದೆ. ತಲೆ ಎತ್ತಿದರೆ ಕೈಯೂ ಅದರ ಜೊತೆಗೇ ಹೋಗುತ್ತಿತ್ತು. ಎಳೆತ ಹೆಚ್ಚಿಸಲಿಲ್ಲ, ಬಿಡಲೂ ಇಲ್ಲ. ಕಣ್ಣು ಮಾತ್ರ ಅದರ ಎದೆಯ ಮೇಲೆ. ಗೊರಸು ಏಳುವುದಕ್ಕೆ ಮುಂಚೆ ಮೈಭಾರ ಹಿಂಗಾಲಿನ ಕಡೆ ತುಸು ಜಾರುತ್ತದೆ. ಅಷ್ಟಕ್ಕೇ ಹಗ್ಗ ಬಿಟ್ಟೆ. ಕುದುರೆ ನಿಂತು, ತುಟಿ ನೆಕ್ಕಿಕೊಂಡು, ಉಸಿರು ಬಿಟ್ಟಿತು. ನಾಲ್ಕನೇ ಸಲಕ್ಕೆ ಒಂದು ಹೆಜ್ಜೆ ಬಂತು. ಆವತ್ತು ಅಲ್ಲಿಗೇ ನಿಲ್ಲಿಸಿದೆ.

ಕೋಲಿನ ಕಥೆಯೂ ಇದೇ. ಹೊಡೆಯುವುದಕ್ಕಲ್ಲ, ನಮ್ಮ ಕೈ ಎಟುಕದ ಕಡೆ ಮುಟ್ಟುವುದಕ್ಕೆ ಅದು ಬೇಕು. ನೊಣ ಕೂತರೂ ಚರ್ಮ ಅದುರಿಸುವ ಪ್ರಾಣಿಗೆ ಜೋರು ಯಾಕೆ? ಮೊದಲು ಭುಜದ ಮೇಲೆ ಕೋಲನ್ನು ಮೆಲ್ಲಗೆ ಸವರಿ ಪರಿಚಯ ಮಾಡಿಸುತ್ತೇನೆ. ಕುದುರೆಗೆ ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ, ಬಾಲದ ನೇರ ಹಿಂದೆ ಮತ್ತು ಹಣೆಯ ಮುಂದೆಯೇ ಇರುವುದು ಬಿಟ್ಟು. ಅಲ್ಲಿಂದ ಕೋಲು ದಿಢೀರನೆ ಬಂದರೆ ಒದೆ ಗ್ಯಾರಂಟಿ. ನಾವು ಕೇಳಿದ ಕಡೆ ಕುದುರೆ ಸರಿಯುತ್ತಿದ್ದಂತೆ ಕೋಲಿನ ತುದಿ ನೆಲಕ್ಕೆ ಇಳಿಯಬೇಕು.

ಬರ್ಲಿನ್‌ನಲ್ಲಿ ಹಾನ್ಸ್ ಅಂತ ಒಂದು ಕುದುರೆ ಗೊರಸು ಬಡಿದು ಲೆಕ್ಕ ಹೇಳುತ್ತಿತ್ತಂತೆ. ಕೇಳುವವರ ತಲೆಯ ಸಣ್ಣ ಅಲುಗಾಟ ನೋಡಿ ಅದು ಬಡಿತ ನಿಲ್ಲಿಸುತ್ತದೆ ಅಂತ ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ 1907ರಲ್ಲಿ ತೋರಿಸಿಕೊಟ್ಟರು. ಇದನ್ನು ಓದಿದ ಮೇಲೆ ಹಗ್ಗ ಹಿಡಿಯುವ ಮುಂಚೆ ನನ್ನ ಭುಜ ಬಿಗಿಯಾಗಿದೆಯಾ ಅಂತ ನೋಡಿಕೊಳ್ಳುತ್ತೇನೆ.

ಆ ಹೆಣ್ಣು ಕುದುರೆಯ ತಲೆ ಎತ್ತುವ ಚಾಳಿ ಬಿಡಿಸಲು ಒಂದು ತಿಂಗಳು ಹಿಡಿಯಿತು. ನಾನು ಅವಸರದಲ್ಲಿ ಬಂದ ದಿನ ಈಗಲೂ ಒಂದು ಸಲ ಎತ್ತಿ ನೋಡುತ್ತದೆ.