ಗ್ವಾದಲಿ ಮುಂದೆ ನಿಂತ ಕ್ರೀಪರ್

ಮಣ್ಣೆತ್ತಿನ ಅಮಾಸಿಗೆ ಊರಿಗೆ ಹೊರಟಾಗ ನನ್ನ ಚೀಲದಲ್ಲಿ ಹೋಳಿಗೆಯ ಬೆಲ್ಲದ ಜತೆಗೆ ಎರಡು ಚೌಕಳಿ ನೋಟಬುಕ್ ಇದ್ದವು. ವಿಜಯಪುರದ ಬಸ್ ಸ್ಟ್ಯಾಂಡ್ ಹತ್ತಿರ ಕೊಂಡದ್ದು. ಒಂದು ಅಣ್ಣನ ಮಗನಿಗೆ. ಇನ್ನೊಂದು, ಹೇಳಿಕೊಳ್ಳಲು ತುಸು ನಾಚಿಕೆ, ನನಗೇ.

ಎಲ್ಲವೂ ಚೌಕ ಚೌಕವಾಗಿರುವ ಕಂಪ್ಯೂಟರ್ ಆಟ ಮೈನ್‌ಕ್ರಾಫ್ಟ್ ಆಡಲು ನನಗೆ ಬರುವುದು ಅಷ್ಟಕ್ಕಷ್ಟೇ. ಹೊತ್ತು ಮುಳುಗಿತೆಂದರೆ ಎಲ್ಲಿಂದಲೋ ಯಾವುದೋ ಬಂದು ನನ್ನನ್ನು ಮುಗಿಸಿಬಿಡುತ್ತದೆ. ಆದರೆ ಅಲ್ಲಿನ ಪ್ರಾಣಿಗಳನ್ನು ನೋಡುತ್ತ ನಿಂತರೆ ಊಟದ ನೆನಪೂ ಆಗುವುದಿಲ್ಲ. ಇಟ್ಟಂಗಿಗೆ ಕಾಲು ಮೂಡಿದಂಥ ಕೋಳಿ. ಉಣ್ಣೆ ಕತ್ತರಿಸಿದೊಡನೆ ಒಳಗಿಂದ ಹೊರಬೀಳುವ ಬಡಕಲು ಕುರಿ. ಯಾವುದರ ಮುಖದಲ್ಲೂ ನಗುವಿಲ್ಲ, ನಗು ಬರುವುದು ನಮಗೆ.

ಅವನ್ನು ಚೌಕಳಿ ಹಾಳೆಯ ಮೇಲೆ ಬರೆಯುವುದು ನನ್ನ ಹುಚ್ಚು. ಆ ಆಟದ ಹಸಿರು ದೆವ್ವ ಕ್ರೀಪರ್‌ನಿಂದ ಶುರು ಮಾಡಿದರೆ ಸುಲಭ. ಎಂಟಕ್ಕೆ ಎಂಟು ಮನೆ ಹಸಿರು ಬಳಿಯಿರಿ. ಮೇಲಿನ ಎರಡು ಸಾಲು ಬಿಟ್ಟು, ಎರಡಕ್ಕೆ ಎರಡರಂತೆ ಎರಡು ಕಣ್ಣು. ಅವುಗಳ ನಡುವೆ, ಒಂದು ಸಾಲು ಕೆಳಗೆ, ಎರಡು ಮನೆ. ಅದರ ಕೆಳಗೆ ನಾಲ್ಕು, ಮತ್ತೆ ನಾಲ್ಕು, ಕಡೆಯ ಸಾಲಿನಲ್ಲಿ ಅತ್ತ ಒಂದು ಇತ್ತ ಒಂದು. ಒಟ್ಟು 20 ಮನೆ ಕಪ್ಪು. ಅಷ್ಟಕ್ಕೇ ಆ ಹಾಳೆ ಅಳುಮೋರೆ ಮಾಡಿಕೊಂಡು ನಿಮ್ಮನ್ನೇ ನೋಡತೊಡಗುತ್ತದೆ. ಒಂದು ಮನೆ ತಪ್ಪಿತೋ, ಕ್ರೀಪರ್ ಹೋಗಿ ಬೇರೇನೋ ಆಗುತ್ತದೆ.

ಅಂಗಳದಲ್ಲಿ ಆಯಿ ಹೊಲದ ಎರಿಮಣ್ಣು ನೆನೆಸಿ, ಕುಟ್ಟಿ, ಹದ ಮಾಡಿಟ್ಟಿದ್ದಳು. ನಾವು ನೋಟಬುಕ್ ತೆರೆಯುವಷ್ಟರಲ್ಲಿ ಅವಳ ಒಂದು ಎತ್ತು ಮುಗಿದಿತ್ತು. ಮುದ್ದೆಯನ್ನು ಉದ್ದ ಮಾಡಿ, ಕೆಳಗೆ ನಾಲ್ಕು ಕಡೆ ಎಳೆದು, ಮೇಲೆ ಚಿವುಟಿದರೆ ಕೋಡು. ಕಣ್ಣಿಗೆ ಎರಡು ಜೋಳದ ಕಾಳು.

"ಕಾಕಾ, ನಾವು ಕ್ರೀಪರ್ ಮಾಡೂಣು" ಅಂದ ಹುಡುಗ.

ಒಂದು ಚೌಕಕ್ಕೆ ಅರ್ಧ ಸೆಂಟಿಮೀಟರ್ ಅಂತ ಲೆಕ್ಕ ಹಾಕಿದೆವು. ತಲೆ ಎಂಟು, ಮೈ ಹನ್ನೆರಡು, ಕಾಲು ಆರು. ಎತ್ತರ 13 ಸೆಂಟಿಮೀಟರ್. ಸ್ಕೇಲು, ತರಕಾರಿ ಚಾಕು ಹಿಡಿದು ಕೂತೆವು. ಮೂಲೆ ಚೂಪಾಗಿ ಬರಬೇಕಾದರೆ ಚಾಕುವನ್ನು ಪ್ರತಿ ಸಲ ನೀರಲ್ಲಿ ಅದ್ದಬೇಕು, ಇಲ್ಲದಿದ್ದರೆ ಮಣ್ಣು ಮೆತ್ತಿಕೊಂಡು ಬರುತ್ತದೆ. ಎಲ್ಲ ಸರಿಹೋಯಿತು, ತಲೆ ಇಟ್ಟೆವು. ಕ್ರೀಪರ್ ಮೆಲ್ಲಗೆ ನಮಸ್ಕಾರ ಮಾಡುತ್ತ ಮುಂದಕ್ಕೆ ಬಾಗಿತು. ಅದರ ಮೈ ದಪ್ಪ ತಲೆಯ ಅರ್ಧದಷ್ಟೇ. ಆಟದಲ್ಲಿ ತಲೆಗೆ ಭಾರವಿಲ್ಲ, ನಮ್ಮ ಎರಿಮಣ್ಣಿಗೆ ಇದೆ. ಎರಡನೇ ಸಲವೂ ಅದೇ ನಮಸ್ಕಾರ.

ಆಯಿ ಎದ್ದು ಹೋಗಿ ಬಣವಿಯಿಂದ ಒಂದು ಕಣಿಕಿ, ಅಂದರೆ ಜೋಳದ ಒಣ ದಂಟು, ಮುರಿದು ತಂದಳು. "ಬೆನ್ನೆಲುಬಿಲ್ಲದ ಹೆಂಗ ನಿಂದ್ರತೈತೋ ಅದು?" ಎನ್ನುತ್ತ ಮೈಯೊಳಗೆ ಚುಚ್ಚಿ, ಮೇಲೆ ತಲೆ ಒತ್ತಿದಳು. ನಿಂತಿತು.

ಹೊರಸಿನ ಮೇಲಿದ್ದ ಮುತ್ಯಾ ಕಣ್ಣು ಕಿರಿದು ಮಾಡಿ ನೋಡಿದ. "ಇದೇನು, ಹಂದಿನೋ, ಕಂಬನೋ?"

ನಮ್ಮಿಬ್ಬರಿಗೂ ನಗು ತಡೆಯಲಾಗಲಿಲ್ಲ. ಆಟ ಕಟ್ಟಿದ ಮಾರ್ಕಸ್ ಪರ್ಸನ್ ಮಾಡಲು ಹೊರಟಿದ್ದು ಹಂದಿಯನ್ನೇ! ಉದ್ದದ ಅಂಕಿ, ಎತ್ತರದ ಅಂಕಿ ಅದಲುಬದಲಾಗಿ ಹಂದಿ ಸೆಟೆದು ನಿಂತುಬಿಟ್ಟಿತು. ಆ ತಪ್ಪನ್ನು ಎಸೆಯದೆ ಹಸಿರು ಬಳಿದು, ಹತ್ತಿರ ಬಂದು ಸಿಡಿಯುವ ದೆವ್ವ ಮಾಡಿದ. ಮುತ್ಯಾನಿಗೆ ಇಷ್ಟು ಹೇಳಿದಾಗ, "ನನ್ನ ಕಣ್ಣು ಇನ್ನೂ ಚಲೋ ಅದಾವ" ಎಂದಷ್ಟೇ ಅಂದ.

ಆಮೇಲೆ ಅವನ ಪ್ರಶ್ನೆ ಶುರುವಾದವು. ಆ ಆಟದಾಗ ಎತ್ತು ಅದಾವೇನು? ಇಲ್ಲ ಮುತ್ಯಾ, ಆಕಳಷ್ಟೇ. ಹೋರಿ? ಅದೂ ಇಲ್ಲ. ಮತ್ತ ಕರ? ಎರಡು ಆಕಳಿಗೆ ಗೋದಿ ತಿನ್ನಿಸಿದರೆ ಕರು ಬರುತ್ತದೆ, ಇಪ್ಪತ್ತು ನಿಮಿಷಕ್ಕೆ ದೊಡ್ಡದಾಗುತ್ತದೆ ಎಂದ ಹುಡುಗ. ಮುತ್ಯಾ ಬಹಳ ಹೊತ್ತು ಸುಮ್ಮನಿದ್ದ. "ಹೊಲ ಹೆಂಗ ಹರಗತಾರ?" ಕೈಯಲ್ಲೇ, ಗುದ್ದಲಿಯಂಥದ್ದು ಹಿಡಿದು. "ಎತ್ತಿಲ್ಲದ ಒಕ್ಕಲುತನ!" ಎಂದು ಮುಖ ತಿರುಗಿಸಿದ. ನಮ್ಮ ಕೊಟ್ಟಿಗೆಯಲ್ಲೂ ಎತ್ತು ಇಲ್ಲದೆ ನಾಲ್ಕು ವರ್ಷವಾಯಿತು, ಅಲ್ಲಿ ಈಗ ಟ್ರ್ಯಾಕ್ಟರ್ ನಿಲ್ಲುತ್ತದೆ. ಅದನ್ನು ಯಾರೂ ಎತ್ತಲಿಲ್ಲ.

ಪೂಜೆಯಲ್ಲಿ ಎರಡೆತ್ತು, ಅವುಗಳ ಮೇವಿಗೆ ಮಣ್ಣಿನ ಗ್ವಾದಲಿ, ಪಕ್ಕಕ್ಕೆ ಕ್ರೀಪರ್. ಆಯಿ ಎತ್ತಿನ ಹಣೆಗೆ ವಿಭೂತಿ ಹಚ್ಚಿದ ಕೈಯಲ್ಲೇ ಅದಕ್ಕೂ ಹಚ್ಚಿದಳು. ಕ್ರೀಪರ್ ಬೆಕ್ಕಿಗೆ ಹೆದರುತ್ತದೆಂದು ಹುಡುಗ ನಮ್ಮ ಬೆಕ್ಕನ್ನು ಎತ್ತಿ ತಂದು ಎದುರಿಗಿಟ್ಟ. ಬೆಕ್ಕು ಹೋಳಿಗೆಯ ತುಪ್ಪದ ಕಡೆ ಹೋಯಿತು.

ಸಂಜೆ ಮುತ್ಯಾ ಕರೆದ. "ಆ ಮನಿ ಮನಿ ಹಾಳ್ಯಾಗ ನನಗೊಂದು ಕಿಲಾರಿ ಎತ್ತು ಬರಿ."

ಕಿಲಾರಿ! ಆಟದ ಆಕಳಿಗಿರುವುದು ಮೊಳಕೆಯಂಥ ಕೋಡು. ಕಿಲಾರಿಯದು ಹಿಂದಕ್ಕೆ ಬಾಗಿ ಮೇಲೇರುವ ಕೋಡು. ಚೌಕದಲ್ಲಿ ಆ ಬಾಗು ಮೆಟ್ಟಿಲಾಗಿಬಿಡುತ್ತದೆ. ಒಂದು ಮನೆ ಹಿಂದಕ್ಕೆ, ಎರಡು ಮೇಲಕ್ಕೆ, ಮತ್ತೆ ಒಂದು ಹಿಂದಕ್ಕೆ. ಏಳು ಮನೆಗೆ ಕೋಡು ಕೂತಿತು. ಹುಡುಗ ಕಾಲು ತುಂಬಿದ, ನಾನು ಬಿಳಿ ಮೈಗೆ ಅಂಚು ಎಳೆದೆ.

ಮುತ್ಯಾ ನೋಟಬುಕ್ಕನ್ನು ದೀಪದ ಹತ್ತಿರ ಹಿಡಿದ. "ಡುಬ್ಬ ಸಾಲದು."

ಒಂದು ಮನೆ ಏರಿಸಿದೆವು.

"ಇನ್ನೊಂದು."