ದುಡಿದರೆ ಸಾಲದು, ದುಡಿದದ್ದನ್ನು ತೋರಿಸಬೇಕು

ಒಹಾಯೊ ರಾಜ್ಯದ ಕೊಲಂಬಸ್ ನಗರದ ಒಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿ, ವಿಮೆ ಇಲ್ಲದೆ ಬರುವ ರೋಗಿಗಳಿಗೆ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಅಥವಾ ಮಾರ್ಕೆಟ್‌ಪ್ಲೇಸ್ (ಖಾಸಗಿ ವಿಮೆ ಕೊಳ್ಳಲು ಇರುವ ಸರ್ಕಾರಿ ವ್ಯವಸ್ಥೆ) ವಿಮೆಯ ಅರ್ಜಿ ತುಂಬಲು ನೆರವಾಗುವುದು ನನ್ನ ಕೆಲಸ. ನನ್ನೆದುರಿನ ಕುರ್ಚಿಯಲ್ಲಿ ಸೊಮಾಲಿಯಾದಿಂದ ಬಂದವರು ಕೂರುತ್ತಾರೆ, ಭೂತಾನದಿಂದ ಬಂದ ನೇಪಾಳಿ ಭಾಷಿಕರು ಕೂರುತ್ತಾರೆ, ತಲೆಮಾರುಗಳಿಂದ ಇಲ್ಲಿಯೇ ಇರುವ ಬಿಳಿಯರೂ ಕರಿಯರೂ ಕೂರುತ್ತಾರೆ. ಆಗೊಮ್ಮೆ ಈಗೊಮ್ಮೆ ತಂದೆತಾಯಿಯನ್ನು ಕರೆದುಕೊಂಡು ಕನ್ನಡಿಗರೂ ಬರುತ್ತಾರೆ. ನಾನು ಈ ದೇಶದ ಪೌರತ್ವ ಪಡೆದು ಮತ ಹಾಕುತ್ತಿರುವವಳು. ಆದ್ದರಿಂದ ರಾತ್ರಿ ಟಿವಿಯಲ್ಲಿ ರಾಜಕಾರಣಿಗಳು ಆಡುವ ‘ವೈಯಕ್ತಿಕ ಹೊಣೆಗಾರಿಕೆ’ಯ ಮಾತೂ, ಅದೇ ಮಾತು ಶಾಸನವಾಗಿ, ನಮೂನೆಯಾಗಿ, ಗಡುವಿನ ನೋಟಿಸಾಗಿ ಹಗಲು ನನ್ನ ಮೇಜಿಗೆ ಬಂದು ಬೀಳುವ ರೀತಿಯೂ ನನಗೆ ಗೊತ್ತು. ಈ ಎರಡರ ನಡುವಿನ ಅಂತರದ ಬಗ್ಗೆ ನನ್ನ ಕೆಲಸ ಕಲಿಸಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಣೆಗಾರಿಕೆಯ ಮಾತು ರಿಪಬ್ಲಿಕನ್ನರದು, ನೆರವಿನ ಮಾತು ಡೆಮಾಕ್ರಟರದು ಎಂದು ನಮ್ಮವರಲ್ಲಿ ಅನೇಕರು ತಿಳಿದಿದ್ದಾರೆ. ಇತಿಹಾಸ ಅಷ್ಟು ಸರಳವಾಗಿಲ್ಲ. ‘ವೈಯಕ್ತಿಕ ಹೊಣೆಗಾರಿಕೆ’ ಎಂಬುದನ್ನು ಹೆಸರಿನಲ್ಲಿಯೇ ಹೊತ್ತ ಶಾಸನಕ್ಕೆ 1996ರ ಆಗಸ್ಟ್ 22ರಂದು ಸಹಿ ಹಾಕಿದವರು ಡೆಮಾಕ್ರಟಿಕ್ ಅಧ್ಯಕ್ಷ ಬಿಲ್ ಕ್ಲಿಂಟನ್. ರೂಸ್‌ವೆಲ್ಟ್ ಕಾಲದ 1935ರ ಸಾಮಾಜಿಕ ಭದ್ರತಾ ಕಾಯ್ದೆಯಿಂದ ನಡೆದುಬಂದಿದ್ದ, ಬಡ ಮಕ್ಕಳಿರುವ ಕುಟುಂಬಗಳ ನಗದು ನೆರವಿನ ವ್ಯವಸ್ಥೆಯನ್ನು ಅದು ಕೊನೆಗೊಳಿಸಿ, ಅದರ ಜಾಗದಲ್ಲಿ ತಾತ್ಕಾಲಿಕ ನೆರವಿನ ಯೋಜನೆಯೊಂದನ್ನು ತಂದಿತು. ಒಕ್ಕೂಟದ ಹಣದಿಂದ ಜೀವಮಾನದಲ್ಲಿ 60 ತಿಂಗಳಿಗಿಂತ ಹೆಚ್ಚು ನೆರವು ಇಲ್ಲ, ಇನ್ನೂ ಕಡಿಮೆ ಮಾಡುವ ಸ್ವಾತಂತ್ರ್ಯ ರಾಜ್ಯಗಳಿಗಿದೆ ಎಂಬ ನಿಯಮ ಆಗ ಬಂತು. ನಮ್ಮ ಒಹಾಯೊ ಅದನ್ನು 36 ತಿಂಗಳಿಗೆ ಇಳಿಸಿಕೊಂಡಿದೆ. ರಾಜ್ಯಗಳಿಗೆ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್ ಎಂದು ಅಂದು ಗೊತ್ತುಪಡಿಸಿದ ಮೊತ್ತವನ್ನು ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುವ ಏರ್ಪಾಡು ಇಂದಿಗೂ ಇಲ್ಲ. ಕ್ಲಿಂಟನ್ ಸರ್ಕಾರದ ಹಿರಿಯ ಅಧಿಕಾರಿಯಾಗಿದ್ದ ಪೀಟರ್ ಎಡೆಲ್‌ಮನ್ ಈ ಶಾಸನವನ್ನು ಪ್ರತಿಭಟಿಸಿ ರಾಜೀನಾಮೆ ನೀಡಿದರು.

ಆ ಶಾಸನದಿಂದ ಒಳ್ಳೆಯದೇನೂ ಆಗಲಿಲ್ಲ ಎಂದು ನಾನು ಹೇಳುವುದಿಲ್ಲ. ನಂತರದ ಕೆಲವು ವರ್ಷಗಳಲ್ಲಿ ಒಂಟಿ ತಾಯಂದಿರಲ್ಲಿ ಕೆಲಸಕ್ಕೆ ಸೇರಿದವರ ಪ್ರಮಾಣ ಗಣನೀಯವಾಗಿ ಏರಿತು. ಅದರಲ್ಲಿ ಆ ಕಾಲದ ಆರ್ಥಿಕ ಏಳಿಗೆಗೂ, ಕಡಿಮೆ ಆದಾಯದ ದುಡಿಮೆಗಾರರಿಗೆ ಸಿಗುವ ತೆರಿಗೆ ರಿಯಾಯಿತಿಗೂ ದೊಡ್ಡ ಪಾಲಿತ್ತು. ಆದರೆ ನೆರವಿನ ಪಟ್ಟಿ ಚಿಕ್ಕದಾದಷ್ಟು ಬಡತನ ಚಿಕ್ಕದಾಗಲಿಲ್ಲ. 1996ರಲ್ಲಿ ಮಕ್ಕಳಿರುವ ಪ್ರತಿ 100 ಬಡ ಕುಟುಂಬಗಳಲ್ಲಿ 68 ಕುಟುಂಬಗಳಿಗೆ ನಗದು ನೆರವು ತಲುಪುತ್ತಿತ್ತು. ಈಗ ಅದು ಸುಮಾರು 20ರ ಆಸುಪಾಸಿಗೆ ಬಂದಿದೆ. ಪಟ್ಟಿಯಿಂದ ಬಿಟ್ಟುಹೋದವರಲ್ಲಿ ಯಾರಿಗೆ ಕೆಲಸ ಸಿಕ್ಕಿತು, ಯಾರು ಕಾಗದ ಒದಗಿಸಲಾಗದೆ ಬಿದ್ದುಹೋದರು ಎಂಬ ವ್ಯತ್ಯಾಸ ಆ ಒಂದು ಸಂಖ್ಯೆಯಲ್ಲಿ ಕಾಣುವುದಿಲ್ಲ. ನನ್ನ ಮೇಜಿನ ಮುಂದೆ ಆ ವ್ಯತ್ಯಾಸವೊಂದೇ ಕಾಣುತ್ತದೆ.

ಒಬ್ಬ ಮನುಷ್ಯ ಎಷ್ಟು ಶ್ರಮಪಡುತ್ತಾನೆ, ಎಷ್ಟು ಹೊಣೆಯರಿತು ಬಾಳುತ್ತಾನೆ ಎಂಬುದನ್ನು ಕಾನೂನು ಕಣ್ಣಾರೆ ನೋಡಲಾರದು. ಅದಕ್ಕೆ ಕಾಣುವುದು ಪೇ-ಸ್ಟಬ್ (ಸಂಬಳದ ಚೀಟಿ), ಉದ್ಯೋಗದಾತರ ಪತ್ರ, ವೈದ್ಯರ ಪ್ರಮಾಣಪತ್ರ, ಸಕಾಲಕ್ಕೆ ಅಪ್‌ಲೋಡ್ ಆದ ಕಡತ. ಕೊಲಂಬಸ್ಸಿನ ಸುತ್ತ ದೊಡ್ಡ ದೊಡ್ಡ ಗೋದಾಮುಗಳಿವೆ. ಅಲ್ಲಿ ಏಜೆನ್ಸಿಯ ಮೂಲಕ ದುಡಿಯುವವರ ಗಂಟೆಗಳನ್ನು ನಿಗದಿಪಡಿಸುವುದು ಮೇಲ್ವಿಚಾರಕರು. ದೀಪಾವಳಿ ಕಳೆದು ಕ್ರಿಸ್‌ಮಸ್ ಬರುವವರೆಗೆ ಉಸಿರಾಡಲೂ ಬಿಡುವಿಲ್ಲದಷ್ಟು ಪಾಳಿ, ಜನವರಿ ಬಂತೆಂದರೆ ವಾರಕ್ಕೆ ಎರಡು ದಿನದ ಕೆಲಸವೂ ಕಷ್ಟ. ಅಂಥವರು ತಿಂಗಳಿಗೆ ಇಷ್ಟು ಗಂಟೆ ದುಡಿದಿದ್ದೇನೆ ಎಂದು ತೋರಿಸಬೇಕಾದರೆ, ತಮ್ಮ ಕೈಯಲ್ಲಿಲ್ಲದ ಸಂಗತಿಗೆ ತಾವೇ ಜವಾಬು ಕೊಟ್ಟಂತೆ. ಕಾಯಂ ಸಂಬಳದ ಕಚೇರಿ ನೌಕರಿಯಲ್ಲಿರುವ ನಮ್ಮಂಥವರು ಇದನ್ನು ಊಹಿಸಿಕೊಳ್ಳುವುದೂ ಕಷ್ಟ. ಎಷ್ಟು ಗಂಟೆ ದುಡಿದೆ ಎಂದು ನಮ್ಮನ್ನು ಸರ್ಕಾರ ಕೇಳುವುದೇ ಇಲ್ಲ.

ಇದು ಬರೀ ನನ್ನ ಅನಿಸಿಕೆಯಲ್ಲ. ಆರ್ಕನ್ಸಾ ರಾಜ್ಯದಲ್ಲಿ ಇದರ ಪ್ರಯೋಗವೇ ನಡೆದಿದೆ. 2018ರ ಜೂನ್‌ನಲ್ಲಿ ಅಲ್ಲಿ ಮೆಡಿಕೇಡ್ ಪಡೆಯುವ ನಿರ್ದಿಷ್ಟ ವಯೋಮಾನದವರು ತಿಂಗಳಿಗೆ 80 ಗಂಟೆ ಕೆಲಸ, ಓದು ಅಥವಾ ಸೇವೆ ಮಾಡಿ ಅದನ್ನು ವರದಿ ಮಾಡಬೇಕೆಂಬ ನಿಯಮ ಬಂತು. ವರದಿ ಮಾಡಲು ಮೊದಲಿಗೆ ಇದ್ದದ್ದು ಜಾಲತಾಣ ಒಂದೇ, ಅದೂ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಮುಚ್ಚಿರುತ್ತಿತ್ತು. ಹಗಲು ಪಾಳಿಯಲ್ಲಿ ದುಡಿಯುವವನಿಗೆ ದುಡಿಮೆಯೇ ವರದಿ ಮಾಡಲು ಅಡ್ಡಿಯಾಗುವ ಈ ಏರ್ಪಾಡನ್ನು ರೂಪಿಸಿದವರು ಒಮ್ಮೆಯೂ ಪಾಳಿ ಕೆಲಸ ಮಾಡಿರಲಾರರು ಎಂದು ನನಗನ್ನಿಸುತ್ತದೆ. ವರ್ಷದ ಕೊನೆಯ ಹೊತ್ತಿಗೆ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. 2019ರ ಮಾರ್ಚ್‌ನಲ್ಲಿ ಒಕ್ಕೂಟ ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಆ ನಿಯಮವನ್ನು ತಡೆದರು. ಹಾರ್ವರ್ಡ್ ಸಂಶೋಧಕರು ಪರಿಶೀಲಿಸಿದಾಗ, ನಿಯಮದಿಂದ ಉದ್ಯೋಗ ಹೆಚ್ಚಿದ್ದು ಕಾಣಲಿಲ್ಲ. ನಿಯಮಕ್ಕೆ ಒಳಪಟ್ಟವರಲ್ಲಿ ಶೇ. 95ಕ್ಕೂ ಹೆಚ್ಚಿನವರು ಆಗಲೇ ಷರತ್ತನ್ನು ಪೂರೈಸುತ್ತಿದ್ದವರು, ಇಲ್ಲವೇ ವಿನಾಯಿತಿಗೆ ಅರ್ಹರಾಗಿದ್ದವರು. ಸೋಮಾರಿಗಳನ್ನು ಹಿಡಿಯಲು ಬೀಸಿದ ಬಲೆಗೆ ದುಡಿಯುವವರೇ ಬಿದ್ದರು.

ನನ್ನ ಕಣ್ಣೆದುರೇ ಇದಕ್ಕಿಂತ ದೊಡ್ಡ ಪ್ರಮಾಣದಲ್ಲಿ ಇಂಥದೇ ನಡೆದದ್ದು 2023ರಲ್ಲಿ. ಕೋವಿಡ್ ಕಾಲದಲ್ಲಿ ಮೆಡಿಕೇಡ್‌ನಿಂದ ಯಾರನ್ನೂ ತೆಗೆಯಬಾರದೆಂದಿದ್ದ ನಿಯಮ ಆ ಏಪ್ರಿಲ್‌ನಿಂದ ಸಡಿಲವಾಗಿ, ರಾಜ್ಯಗಳು ಎಲ್ಲರ ಅರ್ಹತೆಯನ್ನು ಮತ್ತೆ ಪರಿಶೀಲಿಸತೊಡಗಿದವು. ದೇಶದಾದ್ಯಂತ ಎರಡೂವರೆ ಕೋಟಿಗೂ ಹೆಚ್ಚು ಜನರ ಹೆಸರು ಹೋಯಿತು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರು ಅನರ್ಹರೆಂದು ತೀರ್ಮಾನವಾದವರಲ್ಲ. ನಮೂನೆ ಮರಳಲಿಲ್ಲ, ವಿಳಾಸ ಬದಲಾಗಿತ್ತು, ಕಾಗದ ಸಾಲಲಿಲ್ಲ ಎಂಬ ವಿಧಿವಿಧಾನದ ಕಾರಣಕ್ಕೆ ಹೋದವರು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತರಲು ಔಷಧದಂಗಡಿಗೆ ಹೋದಾಗಲೇ ತಮ್ಮ ವಿಮೆ ರದ್ದಾಗಿದೆ ಎಂದು ತಿಳಿದು, ಅಲ್ಲಿಂದ ನೇರವಾಗಿ ನಮ್ಮಲ್ಲಿಗೆ ಬರುತ್ತಿದ್ದರು.

ಆ ವರ್ಷದಿಂದ ನಮ್ಮ ಮೇಜಿನ ಪದ್ಧತಿಯೇ ಬದಲಾಯಿತು. ಬಂದವರನ್ನು ಮೊದಲು ಆದಾಯ ಕೇಳುತ್ತಿದ್ದವರು ಈಗ ಮೊದಲು ವಿಳಾಸ ಕೇಳುತ್ತೇವೆ, ಮತ್ತು ಕೌಂಟಿ ಕಚೇರಿಯ ಕಡತದಲ್ಲಿಯೂ ಅದೇ ವಿಳಾಸವಿದೆಯೇ ಎಂದು ಅವರೆದುರೇ ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತೇವೆ. ತೆರೆಯದ ಲಕೋಟೆಗಳನ್ನೆಲ್ಲ ಚೀಲದಲ್ಲಿ ತನ್ನಿ ಎನ್ನುತ್ತೇವೆ. ಭಯದಿಂದ ಲಕೋಟೆ ತೆರೆಯದವರು ಎಷ್ಟು ಜನ ಎಂಬುದು ಈ ಕೆಲಸಕ್ಕೆ ಬಂದವರಿಗೆ ಮಾತ್ರ ಗೊತ್ತು, ಅವರಲ್ಲಿ ಓದಿದವರೂ ಇರುತ್ತಾರೆ. ಕಳುಹಿಸಿದ ಪ್ರತಿ ಕಾಗದದ ಪ್ರತಿಯನ್ನೂ, ಕಳುಹಿಸಿದ ದಿನಾಂಕವನ್ನೂ ರೋಗಿಯ ಕೈಗೇ ಕೊಡುತ್ತೇವೆ. ಮೇಲ್ಮನವಿಯ ಹೊತ್ತಿನಲ್ಲಿ ಉಪಯೋಗಕ್ಕೆ ಬರುವುದು ಅದೊಂದೇ. ಮುಖ್ಯವಾಗಿ, ಗಡುವು ತಪ್ಪಿಸಿಕೊಂಡವರಿಗೆ ಬುದ್ಧಿವಾದ ಹೇಳುವುದನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ. ಅದರಿಂದ ಅವರು ಮುಂದಿನ ಗಡುವನ್ನು ಪಾಲಿಸುವುದಿಲ್ಲ, ಮುಂದಿನ ಸಲ ಇಲ್ಲಿಗೆ ಬರುವುದೇ ಇಲ್ಲ.

ಹೊಣೆಗಾರಿಕೆಯ ಹೆಸರಿನ ಶಾಸನಗಳು ಅದನ್ನು ಯಾರಿಂದ ವಸೂಲು ಮಾಡುತ್ತವೆ ಎಂಬುದನ್ನೂ ನೋಡಬೇಕು. ಮಿಸ್ಸಿಸ್ಸಿಪ್ಪಿ ರಾಜ್ಯದಲ್ಲಿ 1996ರ ಶಾಸನದಡಿ ಬಡ ಕುಟುಂಬಗಳಿಗೆಂದು ಬಂದ ಹಣದಲ್ಲಿ ಕನಿಷ್ಠ 7.7 ಕೋಟಿ ಡಾಲರ್ ದುರ್ಬಳಕೆಯಾಗಿರುವುದನ್ನು ಲೆಕ್ಕಪರಿಶೋಧನೆ ಬಯಲಿಗೆಳೆಯಿತು. ವಿಶ್ವವಿದ್ಯಾಲಯವೊಂದರ ವಾಲಿಬಾಲ್ ಕ್ರೀಡಾಂಗಣಕ್ಕೂ ಆ ಹಣ ಹರಿದಿತ್ತು. ರಾಜ್ಯದ ಮಾನವ ಸೇವಾ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಡೇವಿಸ್ 2022ರಲ್ಲಿ ತಪ್ಪೊಪ್ಪಿಕೊಂಡರು. ಕೆಲವೇ ನೂರು ಡಾಲರ್ ಪಡೆಯುವ ತಾಯಿ ಕಾಗದದ ಮೇಲೆ ಕಾಗದ ತೋರಿಸುತ್ತಿದ್ದಾಗ, ಕೋಟಿಗಳನ್ನು ಹಂಚುವವರನ್ನು ವರ್ಷಗಟ್ಟಲೆ ಯಾರೂ ಬಿಗಿಯಾಗಿ ಕೇಳಲಿಲ್ಲ.

ಪಕ್ಷಗಳ ನಿಲುವೂ ಗಾಳಿ ಬಂದತ್ತ ತಿರುಗಿದೆ. ಪ್ರತಿಯೊಬ್ಬರೂ ವಿಮೆ ಹೊಂದಲೇಬೇಕು, ತನ್ನ ಚಿಕಿತ್ಸೆಯ ಹೊರೆಯನ್ನು ನೆರೆಯವನ ಮೇಲೆ ಹಾಕಬಾರದು ಎಂಬ ವಿಚಾರವನ್ನು 1989ರಲ್ಲಿ ಮುಂದಿಟ್ಟದ್ದು ಸಂಪ್ರದಾಯವಾದಿ ಹೆರಿಟೇಜ್ ಫೌಂಡೇಶನ್. ಅದನ್ನು 2006ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜಾರಿಗೆ ತಂದದ್ದು ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ. ಅದೇ ವಿಚಾರ 2010ರಲ್ಲಿ ಒಬಾಮಾ ಅವರ ಆರೋಗ್ಯ ವಿಮಾ ಶಾಸನದಲ್ಲಿ ಬಂದೊಡನೆ ರಿಪಬ್ಲಿಕನ್ನರಿಗೆ ಅದು ಸ್ವಾತಂತ್ರ್ಯದ ಮೇಲಿನ ದಾಳಿಯಾಗಿ ಕಂಡಿತು, 2017ರ ತೆರಿಗೆ ಶಾಸನ ಅದರ ದಂಡವನ್ನು ಸೊನ್ನೆಗಿಳಿಸಿತು. ಇದಕ್ಕೆ ಅಪವಾದವಾಗಿ ನಮ್ಮ ರಾಜ್ಯದ ಆಗಿನ ಗವರ್ನರ್ ಜಾನ್ ಕೇಸಿಕ್ ಅವರನ್ನು ನೆನೆಯಬೇಕು. ಒಬಾಮಾ ಶಾಸನದ ಮೆಡಿಕೇಡ್ ವಿಸ್ತರಣೆಯನ್ನು, ಅಂದರೆ ಕಡಿಮೆ ಆದಾಯದ ಇನ್ನಷ್ಟು ವಯಸ್ಕರಿಗೆ ಮೆಡಿಕೇಡ್ ಕೊಡುವುದನ್ನು, ಒಪ್ಪುವುದೋ ಬಿಡುವುದೋ ರಾಜ್ಯಗಳಿಗೆ ಬಿಟ್ಟದ್ದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದ ಮೇಲೆ, ತಮ್ಮ ಪಕ್ಷದ ಶಾಸಕರೇ ವಿರೋಧಿಸಿದರೂ ಕೇಸಿಕ್ 2013ರಲ್ಲಿ ಅದನ್ನು ಒಪ್ಪಿಸಿಕೊಂಡರು. ಸರ್ಕಾರವನ್ನು ಎಷ್ಟು ಚಿಕ್ಕದಾಗಿಟ್ಟೆ ಎಂದು ಸ್ವರ್ಗದ ಬಾಗಿಲಲ್ಲಿ ಸಂತ ಪೀಟರ್ ಕೇಳಲಾರ, ಬಡವರಿಗೆ ಏನು ಮಾಡಿದೆ ಎಂದು ಕೇಳುತ್ತಾನೆ ಎಂಬರ್ಥದಲ್ಲಿ ಅವರು ಆಡಿದ ಮಾತು ಆಗ ಬಹಳ ಚರ್ಚೆಯಾಯಿತು. ಅವರ ಉಳಿದ ಹಲವು ನಿಲುವುಗಳನ್ನು ನಾನು ಒಪ್ಪುವುದಿಲ್ಲ. ಇದೊಂದಕ್ಕೆ ನನ್ನ ಗೌರವವಿದೆ.

ಇಲ್ಲಿನ ಕನ್ನಡಿಗರಿಗೆ ಒಂದು ಮಾತು. “ಮೇಡಂ, ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಬಂತು, ಮೆಡಿಕೇಡ್ ಮಾಡಿಸಿಕೊಡ್ತೀರಾ?” ಎಂದು ಕೇಳಿಕೊಂಡು ಬರುವವರಿದ್ದಾರೆ. ಫುಡ್ ಸ್ಟ್ಯಾಂಪ್ (ಬಡವರಿಗೆ ಸರ್ಕಾರ ಕೊಡುವ ಆಹಾರ ನೆರವು) ಪಡೆಯುವವರನ್ನು ಪಾಟ್‌ಲಕ್ ಊಟದಲ್ಲಿ ಹಳಿಯುವವರೂ ಇವರಲ್ಲಿ ಕೆಲವರು ಎಂಬುದನ್ನು ಹೇಳದಿರಲಾರೆ. ಗ್ರೀನ್ ಕಾರ್ಡ್ ಪಡೆದ ಮೊದಲ 5 ವರ್ಷ ಸಾಮಾನ್ಯವಾಗಿ ಮೆಡಿಕೇಡ್ ಇಲ್ಲ ಎಂಬ ನಿರ್ಬಂಧ ಬಂದದ್ದೂ ಅದೇ 1996ರ ಶಾಸನದಿಂದ. ತಂದೆತಾಯಿಯನ್ನು ಕರೆಸಿಕೊಳ್ಳುವಾಗ ಮಕ್ಕಳು ಸಹಿ ಹಾಕುವ ಐ-864 ಎಂಬ ಬೆಂಬಲ ಪತ್ರಕ್ಕೆ ನ್ಯಾಯಾಲಯದಲ್ಲಿ ಜಾರಿಯಾಗುವ ಬಲ ಸಿಕ್ಕಿದ್ದೂ ಆ ವರ್ಷದ ಶಾಸನಗಳಿಂದಲೇ. ಕುಟುಂಬವನ್ನು ಬಡತನ ರೇಖೆಯ ಶೇ. 125ರ ಮಟ್ಟದಲ್ಲಿ ಪೋಷಿಸುತ್ತೇನೆ ಎಂಬ ಆ ಮಾತು, ತಂದೆತಾಯಿ ಪೌರತ್ವ ಪಡೆಯುವವರೆಗೆ, ಅಥವಾ ಅವರ ಖಾತೆಗೆ 40 ತ್ರೈಮಾಸಿಕಗಳ ದುಡಿಮೆ ಜಮೆಯಾಗುವವರೆಗೆ, ಇಲ್ಲವೇ ಅವರು ಈ ದೇಶವನ್ನು ಕಾಯಂ ಆಗಿ ಬಿಡುವವರೆಗೆ ಸಾಮಾನ್ಯವಾಗಿ ಅಳಿಯುವುದಿಲ್ಲ. ಸ್ವಂತ ಆದಾಯ ಬಡತನ ರೇಖೆಗಿಂತ ಕಡಿಮೆಯಿದ್ದು, ಈ 5 ವರ್ಷದ ನಿರ್ಬಂಧದಲ್ಲಿರುವವರಿಗೆ ಮಾರ್ಕೆಟ್‌ಪ್ಲೇಸ್ ವಿಮೆಯಲ್ಲಿ ಸಿಗುತ್ತಿದ್ದ ಸಹಾಯಧನವನ್ನೂ 2025ರ ಶಾಸನ 2026ರಿಂದ ನಿಲ್ಲಿಸಿದೆ. ಊರಿನಿಂದ ಪೋಷಕರನ್ನು ಕರೆಸುವ ಮೊದಲು ಅವರ ಪೂರ್ಣ ವಿಮೆಯ ಖರ್ಚನ್ನು ನಮ್ಮ ಸಂಬಳದಲ್ಲಿ ಲೆಕ್ಕ ಹಾಕಬೇಕು.

ಆ 2025ರ ಶಾಸನಕ್ಕೆ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು. ಸೆನೆಟ್‌ನಲ್ಲಿ ಅದು ಗೆದ್ದದ್ದು ಉಪಾಧ್ಯಕ್ಷರ ನಿರ್ಣಾಯಕ ಮತದಿಂದ. ಅದರಂತೆ, ಮೆಡಿಕೇಡ್ ವಿಸ್ತರಣೆಯಡಿ ಬರುವ 19ರಿಂದ 64 ವಯಸ್ಸಿನವರು 2027ರ ಜನವರಿಯ ಹೊತ್ತಿಗೆ ತಿಂಗಳಿಗೆ 80 ಗಂಟೆಯ ದುಡಿಮೆ, ಓದು ಅಥವಾ ಸೇವೆಯನ್ನು ತೋರಿಸಬೇಕು. 13 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿರುವ ಪೋಷಕರಿಗೂ ಗಂಭೀರ ಕಾಯಿಲೆಯವರಿಗೂ ವಿನಾಯಿತಿಯಿದೆ. ಅರ್ಹತೆಯ ಪರಿಶೀಲನೆ ವರ್ಷಕ್ಕೊಮ್ಮೆಯ ಬದಲು 6 ತಿಂಗಳಿಗೊಮ್ಮೆ. ಈ ಷರತ್ತು ಪೂರೈಸದೆ ಮೆಡಿಕೇಡ್ ಕಳೆದುಕೊಂಡವರಿಗೆ ಮಾರ್ಕೆಟ್‌ಪ್ಲೇಸ್ ಸಹಾಯಧನವೂ ಸಿಗದು. ಕೈಕಾಲು ಗಟ್ಟಿಯಿರುವವರು ದುಡಿಯಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ, ನನ್ನ ಮುಂದೆ ಕೂರುವವರಲ್ಲಿ ಹೆಚ್ಚಿನವರಿಗೂ ಇಲ್ಲ. ದುಡಿದದ್ದನ್ನು ಸಾಬೀತುಪಡಿಸುವ ಭಾರ ಯಾರ ಮೇಲೆ ಎಂಬುದೇ ನನ್ನ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ವಾಷಿಂಗ್ಟನ್ನಿಗಿಂತ ಹೆಚ್ಚಾಗಿ ರಾಜ್ಯದ ಕೈಯಲ್ಲಿದೆ.

ಶಾಸನದಲ್ಲಿಯೇ ಒಂದು ಕಿಂಡಿ ಇದೆ: ಒಕ್ಕೂಟದ ಕನಿಷ್ಠ ವೇತನವಾದ ಗಂಟೆಗೆ 7.25 ಡಾಲರ್‌ನಂತೆ 80 ಗಂಟೆಗೆ ಆಗುವ 580 ಡಾಲರ್ ತಿಂಗಳ ಆದಾಯವಿದ್ದರೆ ಗಂಟೆಗಳ ಲೆಕ್ಕ ಬೇಕಿಲ್ಲ. ಗೋದಾಮಿನಲ್ಲಿ ಗಂಟೆಗೆ 15 ಡಾಲರ್ ಪಡೆಯುವವರು 40 ಗಂಟೆಯೊಳಗೇ ಅದನ್ನು ದಾಟುತ್ತಾರೆ. ಹೀಗಾಗಿ, ನಮ್ಮ ಕ್ಷೇತ್ರದ ರಾಜ್ಯ ಶಾಸಕರ ಕಚೇರಿಗೆ ಒಬ್ಬ ಪೌರಳಾಗಿ ಬರೆದ ಪತ್ರದಲ್ಲಿ ಮೂರು ಸಂಗತಿಗಳನ್ನು ಕೇಳಿದ್ದೇನೆ. ರಾಜ್ಯದ ಬಳಿ ಆಗಲೇ ಇರುವ ವೇತನದ ಮಾಹಿತಿಯಲ್ಲಿ ಈ ಆದಾಯ ಕಾಣುವವರಿಂದ ಮತ್ತೆ ಕಾಗದ ಕೇಳುತ್ತೀರಾ? ಆ ಮಾಹಿತಿ ಮೂರು ತಿಂಗಳಿಗೊಮ್ಮೆ ತಡವಾಗಿ ಬರುವುದರಿಂದ, ಮಧ್ಯದ ತಿಂಗಳುಗಳನ್ನು ಹೇಗೆ ಎಣಿಸುತ್ತೀರಿ? ಊಬರ್ ಓಡಿಸುವವರು, ಮನೆಗೆಲಸದವರು, ಮಕ್ಕಳನ್ನು ನೋಡಿಕೊಳ್ಳುವವರು ಆ ಕಡತದಲ್ಲಿ ಇರುವುದೇ ಇಲ್ಲವಲ್ಲ, ಅವರು ಫೋನ್ ಮೂಲಕವೂ ಕೌಂಟಿ ಕಚೇರಿಯ ಕಿಟಕಿಯಲ್ಲಿಯೂ ವರದಿ ಮಾಡಬಹುದೇ, ಮತ್ತು ಆ ಕಿಟಕಿ ಎರಡನೇ ಪಾಳಿ ಮುಗಿದ ಮೇಲೂ ತೆರೆದಿರುತ್ತದೆಯೇ?