ತೋಟದ ಕಂಪ್ಯೂಟರ್‌ಗೆ ಮರೆವು ಬಂದ ವಾರ

ನಾನು ರೈಟರ್. ಕಥೆ ಬರೆಯುವ ರೈಟರ್ ಅಲ್ಲ, ತೋಟದ ರೈಟರ್. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ಹತ್ತೊಂಬತ್ತು ವರ್ಷದಿಂದ ಚೆಕ್‌ರೋಲ್ ನೋಡಿಕೊಳ್ಳುತ್ತಿದ್ದೇನೆ. ಯಾರು ಕೆಲಸಕ್ಕೆ ಬಂದರು, ಯಾರಿಗೆ ಅರ್ಧ ದಿನ, ಯಾರ ಅಡ್ವಾನ್ಸ್ ಎಷ್ಟು ಬಾಕಿ, ಗೋದಾಮಿನಲ್ಲಿ ಗೊಬ್ಬರ ಎಷ್ಟು ಮೂಟೆ, ಎಲ್ಲ ನನ್ನ ಲೆಕ್ಕ. ದಿನಾ ಬೆಳಿಗ್ಗೆ ಮಳೆ ಅಳೆಯುವ ಕೆಲಸವೂ ನನ್ನದೇ. ಕೊಡಗಿನ ತೋಟದವರಿಗೆ ಮಿಲಿಮೀಟರ್ ಲೆಕ್ಕ ಹೇಳಿದರೆ ಮುಖ ನೋಡುತ್ತಾರೆ. ಇಲ್ಲಿ ಇಂಚು, ಸೆಂಟು. 100 ಸೆಂಟು ಸೇರಿದರೆ 1 ಇಂಚು. ಹಳೆಯ ಮಳೆ ಪುಸ್ತಕಗಳು 1987ರಿಂದ ಇವೆ. ಅಷ್ಟನ್ನೂ ನಾನೇ ಒಂದೊಂದು ಸಾಲಾಗಿ ಎಕ್ಸೆಲ್‌ಗೆ ಹಾಕಿದ್ದೇನೆ. ಆ ಫೈಲ್ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ.

ಆಫೀಸಿನ ಕಂಪ್ಯೂಟರ್ 2019ರದ್ದು. ಬರುವಾಗ ಕೆಲಸದ ಮೆಮೊರಿ ಅಂತ 4 ಜಿಬಿ ರ‍್ಯಾಮ್ ಇತ್ತು. 2021ರಲ್ಲಿ ಸಾಹುಕಾರ್ರ ಮೊಮ್ಮಗಳು ಇಲ್ಲೇ ಕುಳಿತು ಆನ್‌ಲೈನ್ ಕ್ಲಾಸ್ ಕೇಳುವಾಗ ವಿಡಿಯೋ ನಿಂತು ನಿಂತು ಬರುತ್ತದೆ ಅಂತ ಗಲಾಟೆ ಮಾಡಿದಳು. ಆಗ ಇನ್ನೊಂದು 4 ಜಿಬಿ ಹಾಕಿಸಿದರು. ಒಟ್ಟು 8. ಈ 8 ಎಂಬುದನ್ನು ನಾನು ನಾಲ್ಕು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಒಮ್ಮೆಯೂ ತೆರೆದು ನೋಡಲಿಲ್ಲ. ಗೋದಾಮಿನ ಮೂಟೆಯನ್ನಾದರೆ ವಾರಕ್ಕೊಮ್ಮೆ ಎಣಿಸುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯುತ್ತದೆ, ಆಮೇಲೆ ಭದ್ರತೆಯ ಅಪ್‌ಡೇಟ್ ಇಲ್ಲ ಅಂತ ಪರದೆಯ ಮೇಲೆ ತಿಂಗಳುಗಟ್ಟಲೆ ಎಚ್ಚರಿಕೆ ಬರುತ್ತಿತ್ತು. ತೋಟದ ಬ್ಯಾಂಕ್ ವ್ಯವಹಾರ ಎಲ್ಲ ಅದರಲ್ಲೇ ಇರುವಾಗ ಯಾರಿಗೆ ಭಯ ಆಗುವುದಿಲ್ಲ? ಇನ್ನೊಂದು ವರ್ಷ ಅಪ್‌ಡೇಟ್ ಮುಂದುವರಿಸಿಕೊಳ್ಳುವ ದಾರಿಯೂ ಇತ್ತಂತೆ. ಅದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ನಮ್ಮದು 8ನೇ ತಲೆಮಾರಿನ ಪ್ರೊಸೆಸರ್ ಆದ್ದರಿಂದ ವಿಂಡೋಸ್ 11ಕ್ಕೆ ಅರ್ಹ ಅಂತ ಬಂತು. ಸಂತೋಷವೇ ಆಯಿತು. ಕೊನೆಯ ದಿನ, ಮಂಗಳವಾರ ಸಂಜೆ, ಯುಪಿಎಸ್ ಸರಿ ಇದೆಯಾ ನೋಡಿಕೊಂಡು ಅಪ್‌ಗ್ರೇಡ್‌ಗೆ ಹಾಕಿ ಮನೆಗೆ ಹೋದೆ. ಪುಣ್ಯಕ್ಕೆ ಆ ರಾತ್ರಿ ಕರೆಂಟ್ ಹೋಗಲಿಲ್ಲ.

ಬುಧವಾರ ಬೆಳಿಗ್ಗೆ ಪರದೆ ಚೆಂದವಾಗಿತ್ತು. ಐಕಾನ್‌ಗಳು ಮಧ್ಯಕ್ಕೆ ಬಂದು ಕೂತಿದ್ದವು. ಅಷ್ಟೇ ಚೆಂದ.

ಚೆಕ್‌ರೋಲ್ ಫೈಲ್ ತೆರೆದೆ. 43 ಜನರ ಹೆಸರು ಬರಲು ನಾನು ಒಂದು ಲೋಟ ಬೆಲ್ಲದ ಕಾಫಿ ಕುಡಿದು ಮುಗಿಸುವಷ್ಟು ಹೊತ್ತಾಯಿತು. ಬ್ಯಾಂಕಿನ ಪುಟ ತೆರೆಯಲು ಹೋದರೆ ಎಕ್ಸೆಲ್ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್' ಅಂತ ತಲೆಬರಹ ಹಾಕಿಕೊಂಡಿತು. ಮೌಸ್ ಬಾಣ ನಿಂತಲ್ಲೇ ನಿಂತಿತು. ಒಳಗಿನಿಂದ ಹಾರ್ಡ್ ಡಿಸ್ಕ್ ಗೋದಾಮಿನ ಇಲಿಯ ಹಾಗೆ ಕರ ಕರ ಅಂತ ಒಂದೇ ಸಮನೆ ಶಬ್ದ. ಮಧ್ಯಾಹ್ನ ಮಳೆ ಫೈಲ್ ತೆರೆದರೆ ಮೆಮೊರಿ ಸಾಲದು, ಬೇರೆ ಫೈಲ್ ಮುಚ್ಚಿ ಅಂತ ಸಂದೇಶ. ಮುಚ್ಚಲು ಬೇರೆ ಫೈಲೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಕೇಳಿದ, "ಏನ್ ರೈಟರೇ, ಇದಕ್ಕೂ ಮರೆವು ಬಂತಾ?"

ಬೇರೆ ವಾರವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ 18ನೇ ತಾರೀಖು ಶನಿವಾರ ಬಟವಾಡೆ. 20ಕ್ಕೆ ದೀಪಾವಳಿ ಶುರು. ಲೈನ್ ಮನೆಯಲ್ಲಿರುವ ಕೆಲಸದವರಿಗೆ ಹಬ್ಬದ ಅಡ್ವಾನ್ಸ್ ಬೇರೆ ಕೊಡಬೇಕು. ಅಸ್ಸಾಂ ಕಡೆಯ ಹುಡುಗರಿಗೆ ದುಡ್ಡು ಖಾತೆಗೇ ಹೋಗಬೇಕು, ಅವರು ಅಲ್ಲಿಂದ ಊರಿಗೆ ಕಳಿಸುತ್ತಾರೆ. ಮಧ್ಯದಲ್ಲಿ 17ಕ್ಕೆ ತುಲಾ ಸಂಕ್ರಮಣ, ತಲಕಾವೇರಿಯಲ್ಲಿ ತೀರ್ಥ ಉಕ್ಕುವ ದಿನ. ಅವತ್ತು ಕೊಡಗಿನಲ್ಲಿ ಕೆಲಸದ ಮಾತೇ ಇಲ್ಲ.

ಗುರುವಾರ ಕಂಪ್ಯೂಟರನ್ನು ಪ್ಲಾಸ್ಟಿಕ್ ಹೊದಿಸಿ ಜೀಪಿನಲ್ಲಿ ಪೇಟೆಗೆ ಒಯ್ದೆ. ಅಂಗಡಿಯವರು ಆನ್ ಮಾಡಿ ಎರಡು ನಿಮಿಷ ನೋಡಿದರು. ಮುಚ್ಚಳ ತೆಗೆಯಲೂ ಇಲ್ಲ. "ಅಪ್‌ಗ್ರೇಡ್ ಮಾಡಿದ್ದೇ ತಪ್ಪು. ಬೋರ್ಡ್ ಹೋಗಿರಬೇಕು. ಹೊಸದು ತಗೊಳ್ಳೋದು ಒಳ್ಳೇದು. ಇಟ್ಟು ಹೋಗಿ, ಹಬ್ಬ ಮುಗಿದ ಮೇಲೆ ನೋಡ್ತೀನಿ." ನಾನು ಇಟ್ಟು ಹೋಗಲಿಲ್ಲ. ಧೈರ್ಯದಿಂದಲ್ಲ, ಮಳೆ ಫೈಲ್ ಅದರೊಳಗೆ ಇತ್ತಲ್ಲ, ಅದಕ್ಕೆ.

ಶುಕ್ರವಾರ ಬೆಳಿಗ್ಗೆ ಸಾಹುಕಾರ್ರ ಮನೆಯಲ್ಲಿ ಕಣಿ ಪೂಜೆ. ಸೌತೆಕಾಯಿಗೆ ಕೆಂಪು ಬಟ್ಟೆ ಸುತ್ತಿ, ಒಡವೆ ಹಾಕಿ, ಕಾವೇರಮ್ಮ ಅಂತ ಕೈಮುಗಿಯುತ್ತಾರೆ. ಪೂಜೆ ಮುಗಿಸಿ ಎಲ್ಲರೂ ತಲಕಾವೇರಿಗೆ ಹೊರಟರು. ನನಗೂ ಜೀಪಿನಲ್ಲಿ ಜಾಗ ಇತ್ತು. ಹೋಗಲಿಲ್ಲ. ಬಾಳೆ ಎಲೆಯಲ್ಲಿ ಕಟ್ಟಿ ಕೊಟ್ಟಿದ್ದ ದೋಸೆ, ಕುಂಬಳಕಾಯಿ ಪಲ್ಯ ಹಿಡಿದುಕೊಂಡು ಆಫೀಸಿಗೆ ಬಂದೆ. ತೋಟದಲ್ಲಿ ಒಂದು ನರಪಿಳ್ಳೆ ಇಲ್ಲ. ಮೈಸೂರಿನಲ್ಲಿ ಓದುವ ಅಕ್ಕನ ಮಗನಿಗೆ ಫೋನ್ ಮಾಡಿದೆ.

"ಮಾವ, ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ."

ಟಾಸ್ಕ್ ಮ್ಯಾನೇಜರ್ ತೆರೆದುಕೊಂಡಿತು, ತನ್ನದೇ ಗತಿಯಲ್ಲಿ. ಏನೂ ತೆರೆದಿರಲಿಲ್ಲ, ಆದರೂ ಮೆಮೊರಿ 82 ಪರ್ಸೆಂಟ್. ಡಿಸ್ಕ್ 100. ಅವನು ಹೇಳಿದ ಹಾಗೆ ಸ್ಟಾರ್ಟ್ಅಪ್‌ನಲ್ಲಿ ತಾವಾಗಿಯೇ ಏಳುವ ಪ್ರೋಗ್ರಾಂಗಳನ್ನು ಒಂದೊಂದಾಗಿ ಮಲಗಿಸಿದೆ. 82 ಹೋಗಿ 74 ಆಯಿತು. ಎಕ್ಸೆಲ್ ತೆರೆದ ಕೂಡಲೇ ಮತ್ತೆ 90ರ ಮೇಲೆ.

ಡಿಸ್ಕ್ ಯಾಕೆ ಒದ್ದಾಡುತ್ತಿದೆ ಅಂತ ಕೇಳಿದೆ. ಅವನು ಪೇಜ್ ಫೈಲ್ ಅಂತ ಏನೇನೋ ಹೇಳಿದ. ನನಗೆ ಅರ್ಥವಾದದ್ದು ಕಾಫಿ ಕಣದ ಲೆಕ್ಕದಲ್ಲಿ. ರ‍್ಯಾಮ್ ಅಂದರೆ ಕಣ. ಕೆಲಸ ನಡೆಯುವುದು ಅಲ್ಲಿ. ಹಾರ್ಡ್ ಡಿಸ್ಕ್ ಅಂದರೆ ಗೋದಾಮು. ಕಣ ತುಂಬಿದ ಮೇಲೂ ಕಾಫಿ ಬರುತ್ತಲೇ ಇದ್ದರೆ ಏನು ಮಾಡುತ್ತೇವೆ? ಹರಡಿದ್ದನ್ನು ಗುಡ್ಡೆ ಮಾಡಿ ಗೋದಾಮಿಗೆ ಹೊರುತ್ತೇವೆ. ಮತ್ತೆ ಅದೇ ಬೇಕಾದರೆ ಹೊರಗೆ ತಂದು ಹರಡಬೇಕು. ಅಷ್ಟು ಹೊತ್ತಿಗೆ ಇನ್ನೊಂದನ್ನು ಒಳಗೆ ಹೊರಬೇಕು. ದಿನವಿಡೀ ಹೊರುವುದೇ ಆಗುತ್ತದೆ, ಕಾಫಿ ಮಾತ್ರ ಒಣಗುವುದಿಲ್ಲ. ಆ ಕರ ಕರ ಶಬ್ದ ಹೊರುವವರ ಕಾಲಿನ ಶಬ್ದ.

"ಹಳೇದಕ್ಕೇ ವಾಪಸ್ ಹೋಗಿಬಿಡಲಾ?" ಅಂದೆ. ಅಪ್‌ಗ್ರೇಡ್ ಆದ 10 ದಿನದೊಳಗೆ ಹಿಂದಕ್ಕೆ ಹೋಗಲು ಸೆಟ್ಟಿಂಗ್ಸ್‌ನಲ್ಲಿ ದಾರಿ ಇದೆ. ಅವನು ಒಪ್ಪಲಿಲ್ಲ. ಮೊದಲು ರ‍್ಯಾಮ್ ಪರೀಕ್ಷೆ ಮಾಡೋಣ ಅಂದ. ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನೋಸ್ಟಿಕ್ ಅಂತ ಒಂದು ಇದೆ. ಒತ್ತಿದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿ ನೀಲಿ ಪರದೆಯಲ್ಲಿ ತನ್ನ ಪಾಡಿಗೆ ಪರೀಕ್ಷೆ ಮಾಡಿಕೊಳ್ಳುತ್ತದೆ. ನಾನು ಅಷ್ಟರಲ್ಲಿ ದೋಸೆ ತಿಂದೆ. ಫಲಿತಾಂಶ: ದೋಷ ಇಲ್ಲ.

ದೋಷ ಇಲ್ಲವಂತೆ! ಆ ಹೊತ್ತಿಗೆ ನನಗೆ ಅಂಗಡಿಯವರ ಮಾತೇ ನಿಜ ಅನಿಸತೊಡಗಿತ್ತು.

"ಮಾವ, ವಿಡಿಯೋ ಕಾಲ್ ಮಾಡಿ. ಪರ್ಫಾರ್ಮೆನ್ಸ್ ಅಂತ ಇದೆಯಲ್ಲ, ಅದರಲ್ಲಿ ಮೆಮೊರಿ ಒತ್ತಿ ನನಗೆ ತೋರಿಸಿ." ತೋರಿಸಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಮೇಲೆ ಬಲಗಡೆ ಎಷ್ಟಿದೆ ಓದಿ." 4 ಜಿಬಿಗೂ ಸ್ವಲ್ಪ ಕಡಿಮೆ ಇತ್ತು. ಆ ಸ್ವಲ್ಪವನ್ನು ಚಿತ್ರ ತೋರಿಸುವ ಕೆಲಸಕ್ಕೆ ಅದೇ ಇಟ್ಟುಕೊಂಡಿರುತ್ತದಂತೆ. "ಕೆಳಗೆ ಸ್ಲಾಟ್ಸ್ ಯೂಸ್ಡ್ ಅಂತ ಇದೆ, ನೋಡಿ." ಕನ್ನಡಕ ಏರಿಸಿಕೊಂಡು ಓದಿದೆ. 1 ಆಫ್ 2.

ಎರಡು ಗೂಡು. ತುಂಬಿರುವುದು ಒಂದು. ಆದರೆ ನಾವು ಹಾಕಿಸಿದ್ದು ಎರಡು. ಬಿಲ್ ನಾನೇ ಫೈಲ್ ಮಾಡಿದ್ದೇನೆ.

ಪರೀಕ್ಷೆ ಯಾಕೆ ಪಾಸಾಯಿತು ಅಂತ ಆಗ ತಿಳಿಯಿತು. ಅದು ತನಗೆ ಕಾಣುವ ರ‍್ಯಾಮನ್ನು ಮಾತ್ರ ಪರೀಕ್ಷೆ ಮಾಡಿತ್ತು. ಕಾಣದೇ ಇದ್ದದ್ದರ ಬಗ್ಗೆ ಅದಕ್ಕೇನು ಗೊತ್ತು? ಕೆಲಸಕ್ಕೆ ಬಂದವರ ಹೆಸರು ಮಾತ್ರ ಕರೆದು 'ಎಲ್ಲರೂ ಹಾಜರ್' ಅಂತ ಬರೆದ ಹಾಗೆ. ಆ ಕೆಲಸ ನಾನು ಮಾಡಿದರೆ ಸಾಹುಕಾರ್ರು ಅವತ್ತೇ ಮನೆಗೆ ಕಳಿಸುತ್ತಾರೆ.

ವೈರ್ ಕಿತ್ತು, ಯುಪಿಎಸ್ ಆಫ್ ಮಾಡಿ, ಮುಚ್ಚಳದ ಎರಡು ಸ್ಕ್ರೂ ಬಿಚ್ಚಿದೆ. ಜೀವಮಾನದಲ್ಲಿ ಮೊದಲ ಸಲ. ಒಳಗಿನಿಂದ ಹಳೇ ಕಂಬಳಿಯ ವಾಸನೆ ಬಂತು. ಫ್ಯಾನಿನ ಮೇಲೆ ಧೂಳು ಒದ್ದೆಯಾಗಿ ಒಣಗಿ ಹಪ್ಪಳದ ಹಾಗೆ ಕೂತಿತ್ತು. ಮೂಲೆಯಲ್ಲಿ ಕಣಜದ ಮಣ್ಣಿನ ಗೂಡು, ಖಾಲಿ. "ಮೊದಲು ಕಬ್ಬಿಣದ ಡಬ್ಬ ಮುಟ್ಟಿ ಮಾವ, ಕೈಯಲ್ಲಿ ಸ್ಟ್ಯಾಟಿಕ್ ಇದ್ದರೆ ಹೋಗಲಿ." ಮುಟ್ಟಿದೆ. ರ‍್ಯಾಮ್‌ನ ಎರಡೂ ತುದಿಯ ಬಿಳಿ ಕ್ಲಿಪ್ಪನ್ನು ಹೊರಕ್ಕೆ ಒತ್ತಿದಾಗ ಎರಡನೇ ಪಟ್ಟಿ ಸುಲಭವಾಗಿ ಎದ್ದು ಬಂತು. ತೀರಾ ಸುಲಭವಾಗಿ. ಒಂದು ಕಡೆ ಕ್ಲಿಪ್ ಸರಿಯಾಗಿ ಹಿಡಿದೇ ಇರಲಿಲ್ಲ.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕೆಳಗಿನ ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಸಣ್ಣ ಸಣ್ಣ ಹಲ್ಲುಗಳು. ಎರಡೂ ಬದಿ ಸೇರಿ 288 ಅಂತೆ, ನಾನು ಎಣಿಸಲಿಲ್ಲ. ಮಧ್ಯದ ಕಚ್ಚಿನ ಎಡಕ್ಕೆ ಹೊಳಪು ಹಾಗೇ ಇತ್ತು. ಬಲತುದಿಯಲ್ಲಿ ಒಂದು ಬೆರಳಿನಗಲ ಮಾತ್ರ ಮಂಕಾಗಿ ಬೂದು ಬಣ್ಣದ ಪೊರೆ. ಮಳೆಗಾಲದಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೆ ಹಿಡಿಯುತ್ತದಲ್ಲ, ಅದೇ ತರಹ.

ಆಗ ನೆನಪಾಯಿತು. ಜೂನ್‌ನಲ್ಲಿ ಆಫೀಸಿನ ಹೆಂಚು ಸರಿದು ಸೋರಿದಾಗ ಈ ಮೇಜನ್ನು ನಾನು, ಮೇಸ್ತ್ರಿ ಇಬ್ಬರೂ ಎತ್ತಿ ಆ ಗೋಡೆಯಿಂದ ಈ ಗೋಡೆಗೆ ತಂದಿದ್ದೆವು. ಕಂಪ್ಯೂಟರ್ ಕೆಳಗಿಳಿಸದೆ. ಹೊಸ್ತಿಲ ಹತ್ತಿರ ಒಮ್ಮೆ ದಡ್ ಅಂತ ಬಿಟ್ಟಿದ್ದೂ ಹೌದು. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ಅದು ನಿಧಾನವಾಗಿಯೇ ಇತ್ತು. ಆ ಮಳೆಗೆ ಯಾರು ತಾನೇ ಚುರುಕಾಗಿರುತ್ತಾರೆ ಅಂತ ನಾನು ಗಮನ ಕೊಡಲಿಲ್ಲ. ವಿಂಡೋಸ್ 10 ನಾಲ್ಕೇ ಜಿಬಿಯಲ್ಲಿ ಹೇಗೋ ತಳ್ಳಿಕೊಂಡು ಬಂದಿತ್ತು. 11ಕ್ಕೆ ಕಡಿಮೆ ಎಂದರೂ 4 ಜಿಬಿ ಬೇಕು. ಅಷ್ಟಿದ್ದರೆ ಒಳಗೆ ಬಿಟ್ಟುಕೊಳ್ಳುತ್ತದೆ, ಕೆಲಸ ಮಾಡಲು ಜಾಗ ಉಳಿಯುವುದಿಲ್ಲ. ಮೂರು ದಿನ ನಾನು ಅಪ್‌ಗ್ರೇಡ್‌ಗೆ ಬೈದಿದ್ದೆ. ಬೈಗುಳ ಹೋಗಬೇಕಾದದ್ದು ಹೊಸ್ತಿಲಿಗೆ, ಅಥವಾ ಮೇಜು ಹೊತ್ತ ನಮ್ಮಿಬ್ಬರಿಗೆ.

ಮಗಳ ಪೆನ್ಸಿಲ್ ಡಬ್ಬಿಯ ಬಿಳಿ ರಬ್ಬರ್ ನನ್ನ ಡ್ರಾಯರ್‌ನಲ್ಲಿ ಇತ್ತು. ಅದರಲ್ಲಿ ಹಲ್ಲುಗಳ ಮೇಲೆ ಮೆಲ್ಲಗೆ ಒಂದೇ ದಿಕ್ಕಿಗೆ ಉಜ್ಜಿದೆ. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತೆ ಅಂತ ಅಳಿಯ ಎರಡು ಸಲ ಹೇಳಿದ. ಗೂಡಿನೊಳಗಿನ ಧೂಳನ್ನು ಒಣ ಬ್ರಶ್‌ನಿಂದ ತೆಗೆದೆ. ಪಟ್ಟಿಯ ಕಚ್ಚನ್ನು ಗೂಡಿನ ಗುರುತಿಗೆ ಸರಿಯಾಗಿ ಹಿಡಿದು ಎರಡೂ ಹೆಬ್ಬೆರಳಿನಲ್ಲಿ ಒತ್ತಿದೆ. ಮುರಿದೇ ಹೋಯಿತೇನೋ ಅನ್ನುವಷ್ಟು ಒತ್ತಬೇಕು. ಎಡಗಡೆ ಟಕ್. ಬಲಗಡೆ ಟಕ್.

ಆನ್ ಮಾಡಿದರೆ ಪರದೆ ಕಪ್ಪು. ಒಂದು ನಿಮಿಷ ಎದೆ ಬಡಿದುಕೊಂಡಿತು. ಅಳಿಯನೂ ಸುಮ್ಮನಿದ್ದ. ಮಾನಿಟರ್‌ನ ವೈರನ್ನು ನಾನೇ ಹಾಕಿರಲಿಲ್ಲ.

ಹಾಕಿದೆ. ಸ್ಲಾಟ್ಸ್ ಯೂಸ್ಡ್: 2 ಆಫ್ 2. ಎಕ್ಸೆಲ್, ಬ್ಯಾಂಕ್, ಮಳೆ ಫೈಲ್ ಮೂರೂ ತೆರೆದೆ. 58 ಪರ್ಸೆಂಟ್. ಮೆಮೊರಿ ಪರೀಕ್ಷೆಯನ್ನು ಇನ್ನೊಮ್ಮೆ ಓಡಿಸಿದೆ, ಈ ಸಲ ಇಬ್ಬರನ್ನೂ ಸಾಲಿನಲ್ಲಿ ನಿಲ್ಲಿಸಿ. ಪಾಸ್. ಕರ ಕರ ಶಬ್ದ ನಿಂತ ಮೇಲೆ ಹೊರಗೆ ಜೀರುಂಡೆ ಕೂಗುತ್ತಿರುವುದು ಕೇಳಿಸಿತು. ಈ ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಇನ್ನೂ ಚುರುಕಾಗುತ್ತದೆ ಅಂತ ಅಳಿಯ ಹೇಳಿದ್ದಾನೆ. ಕಾಫಿ ಮಾರಿದ ಮೇಲೆ ಸಾಹುಕಾರ್ರ ಕಿವಿಗೆ ಹಾಕಬೇಕು. ಈಗಲೇ ಹೇಳಿದರೆ ಕೆಲಸ ಕೆಡುತ್ತದೆ.

ಶನಿವಾರ ಬಟವಾಡೆ ಸಂಜೆ ಐದಕ್ಕೆ ಮುಗಿಯಿತು. ಹುಡುಗರ ಖಾತೆಗೆ ದುಡ್ಡು ಹೋಯಿತು, ಅವರ ಮೊಬೈಲ್‌ಗಳು ಒಂದರ ಹಿಂದೆ ಒಂದು ಟಿಂಗ್ ಅಂದವು. ಕ್ಯಾಬಿನೆಟ್ ಈಗ ಗೋಡೆಯಿಂದ ಒಂದು ಗೇಣು ದೂರ, ಮರದ ಹಲಗೆಯ ಮೇಲೆ ಇದೆ. ಪಕ್ಕದಲ್ಲಿ ಒಂದು ಬಲ್ಬ್ ನೇತು ಹಾಕಿದ್ದೇನೆ. ಮಳೆಗಾಲದಲ್ಲಿ ಬಟ್ಟೆ ಬೀರುವಿಗೆ ಹಾಕುತ್ತೇವಲ್ಲ, ಹಾಗೆ.

ಎಲ್ಲರೂ ಹೋದ ಮೇಲೆ ಸಾಹುಕಾರ್ರು ತಲಕಾವೇರಿಯ ತೀರ್ಥದ ಬಾಟಲಿ ಹಿಡಿದು ಬಂದರು. ನನ್ನ ಕೈಗೆ ಹಾಕಿದರು, ಮೇಸ್ತ್ರಿಗೆ ಹಾಕಿದರು. ಆಮೇಲೆ ತುಳಸಿ ಎಲೆ ಅದ್ದಿಕೊಂಡು ಸೀದಾ ಕಂಪ್ಯೂಟರ್ ಕಡೆ ನಡೆದರು.

ನಾನು ಅಡ್ಡ ನಿಂತೆ. "ಅದಕ್ಕೆ ಮಾತ್ರ ಬೇಡ ಸಾಹುಕಾರ್ರೆ. ನೀರಿನಿಂದಲೇ ಇಷ್ಟೆಲ್ಲ ಆದದ್ದು."

ಅವರು ನಕ್ಕರು. ಸ್ವಲ್ಪ ಯೋಚಿಸಿ, ಮೇಜಿನ ಮೇಲೆ ತೆರೆದಿದ್ದ ಮಳೆ ಪುಸ್ತಕದ ಮೇಲೆ ಎರಡು ಹನಿ ಹಾಕಿದರು. ಅವತ್ತು ಬೆಳಿಗ್ಗೆ ಬರೆದ 35 ಸೆಂಟಿನ ಶಾಯಿ ಸ್ವಲ್ಪ ಹರಡಿದೆ. ಓದಲು ಬರುತ್ತದೆ.